ಫಿಲೋಮಿನಾ ಟೀಚರ್ ಅವರ ಎರಡು ಲೋಟ

ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ಹೇಳುವ ಮೂಗು ಫಿಲೋಮಿನಾ ಟೀಚರ್ ಅವರದು. ಭದ್ರಾವತಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ನಾವು ಏಳೆಂಟು ಜನ ಡಬ್ಬಿ ಮುಂದಿಟ್ಟುಕೊಂಡು ಕೂತರೆ, ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಒಂದು ಸುತ್ತು ವರದಿ ಒಪ್ಪಿಸುತ್ತಿದ್ದರು. "ಅಲ್ಲಿ ಹೀರೇಕಾಯಿ. ಇಲ್ಲಿ ನಿನ್ನೆಯ ಚಿತ್ರಾನ್ನ, ಇವತ್ತು ಮತ್ತೆ ಒಗ್ಗರಣೆ ಹಾಕಿದ್ದಾರೆ. ಶಶಿ, ನಿಮ್ಮಮ್ಮ ಸಾರಿಗೆ ಇಂಗು ಮರ್ತಿದ್ದಾರೆ ಕಣಮ್ಮಾ." ಸಂಜೆ ಶಿವಮೊಗ್ಗದ ಬಸ್ಸಿಳಿದು ಮನೆಗೆ ಹೋಗಿ ಅಮ್ಮನನ್ನು ಕೇಳಿದರೆ, ಇಂಗಿನ ಡಬ್ಬಿ ಖಾಲಿಯಾಗಿ ಎರಡು ದಿನ ಆಗಿತ್ತಂತೆ. "ಯಾರೇ ಅದು, ನಮ್ಮನೆ ಅಡುಗೆಮನೆ ಇಣುಕಿ ನೋಡೋಳು?" ಎಂದು ಅಮ್ಮ ಸಿಡುಕಿದ್ದು ಇನ್ನೂ ನೆನಪಿದೆ.

ನಾನು ಆ ಶಾಲೆಗೆ ಕನ್ನಡ ಕಲಿಸಲು ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ಅವರಿಗೆ ಆಗಲೇ ನಲವತ್ತು ದಾಟಿತ್ತು. ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದರು. ಕುಳ್ಳಗೆ, ಅಗಲ ಮುಖದವರು. ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ಸೆರಗಿಗೆ ಪಿನ್ನು ಚುಚ್ಚಿ, ಗಂಟೆ ಹೊಡೆಯುವುದಕ್ಕೆ ಒಂದು ನಿಮಿಷ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಮನೆಮಾತು ತಮಿಳು. ಅವರ ತಂದೆಯೂ ಗಂಡನೂ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿದವರು. ಕನ್ನಡವನ್ನು ನಮಗಿಂತ ಚೊಕ್ಕಟವಾಗಿ ಬರೆಯುತ್ತಿದ್ದರು, ಆದರೆ ಪ್ರೀತಿ ಉಕ್ಕಿ ಬಂದರೆ ಬಾಯಿಗೆ ತಮಿಳೇ ಬರುತ್ತಿತ್ತು. "ಕಣ್ಣು" ಎಂದು ಕರೆಯುತ್ತಿದ್ದರು. ಮೊದಲ ಸಲ ನನ್ನನ್ನು ಹಾಗೆ ಕರೆದಾಗ ಕಣ್ಣಿಗೇನಾದರೂ ಬಿದ್ದಿದೆಯೋ ಎಂದು ಒರೆಸಿಕೊಂಡಿದ್ದೆ. ಅದನ್ನು ಅವರು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿ ನಗಿಸಿದರು.

ಅವರಿಗೆ ಒಂದು ಆಸೆಯಿತ್ತು, ಅದನ್ನು ಮುಚ್ಚಿಟ್ಟವರಲ್ಲ. ಹೆಡ್‌ಮಿಸ್ಟ್ರೆಸ್ ಆಗಬೇಕು. ಸೀನಿಯಾರಿಟಿಯಲ್ಲಿ ಅವರೇ ಮುಂದಿನವರು. "ನಾನು ಆ ಕುರ್ಚೀಲಿ ಕೂತ ದಿನ ಮೊದಲನೇ ಕೆಲಸ ಏನು ಗೊತ್ತಾ? ಹೆಣ್ಮಕ್ಕಳ ಟಾಯ್ಲೆಟ್ಟಿಗೆ ಚಿಲಕ. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ಲೋದು, ಇದೇನು ಶಾಲೇನಾ, ಸಂತೇನಾ?" ಎನ್ನುತ್ತಿದ್ದರು. ಚಿಲಕಕ್ಕಾಗಿ ಅವರು ಕೊಟ್ಟ ಅರ್ಜಿಗಳು ಆಫೀಸಿನ ಬೀರುವಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಬಿಡುವಿನ ಅವಧಿಯಲ್ಲಿ ಅವರೇ ಹೋಗಿ, ಪುಸ್ತಕ ಓದುತ್ತ, ಆ ಬಾಗಿಲು ಹಿಡಿದು ನಿಂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆ ಮೂಗಿಗೆ ನಿಜವಾದ ಕೆಲಸ ಬೀಳುತ್ತಿದ್ದುದು ಅಕ್ಟೋಬರ್ ಕಳೆದ ಮೇಲೆ. ಕ್ರಿಸ್‌ಮಸ್ಸಿಗೆ ಅವರು ಮನೆಯಲ್ಲೇ ವೈನ್ ಮಾಡುತ್ತಿದ್ದರು. ಬೀಜವಿರುವ ಕಪ್ಪು ದ್ರಾಕ್ಷಿ ತಂದು, ತೊಳೆದು, ಹಳೇ ಪಂಚೆಯ ಮೇಲೆ ಒಂದೊಂದಾಗಿ ಹರಡಿ ಒಣಗಿಸಿ, ಕೈಯಲ್ಲೇ ಕಿವುಚಿ ಪಿಂಗಾಣಿ ಜಾಡಿಗೆ ಹಾಕುವುದು. ಅದಕ್ಕೆ ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಸ್ವಲ್ಪ ಈಸ್ಟ್. ಮಂಚದ ಕೆಳಗೆ ನಾಲ್ಕು ಜಾಡಿಗಳು ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂರುತ್ತಿದ್ದವು. ದಿನಕ್ಕೊಂದು ಸಲ ಮರದ ಸೌಟು ಆಡಿಸಬೇಕು. ಆ ದಿನಗಳಲ್ಲಿ ಅವರು ನೆಂಟರ ಮದುವೆಗೂ ಊರು ಬಿಟ್ಟು ಹೋಗುತ್ತಿರಲಿಲ್ಲ. ಸೋಸಿ, ಕೆಲವು ದಿನ ತಿಳಿಯಾಗಲು ಬಿಟ್ಟು, ಡಿಸೆಂಬರಿನಲ್ಲಿ ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ರುಚಿ ನೋಡುವುದು. ಅದಾದ ಮೇಲೇ ಬಾಟಲಿಗೆ.

ಆ ರುಚಿ ನೋಡುವುದಕ್ಕೆ ಅವರು ಆರಿಸಿಕೊಂಡಿದ್ದು ನನ್ನನ್ನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬೈಸಿಕೊಳ್ಳುವ ಹುಡುಗಿ ನಾನು. ನಾನು ಹೌಹಾರಿದೆ. ಅವರು ಮಾತ್ರ ಅದೇ ಕಾರಣಕ್ಕೆ ಪಟ್ಟು ಹಿಡಿದರು.

"ನಮ್ಮನೇಲಿ ಎಲ್ರೂ ಕುಡಿದೂ ಕುಡಿದೂ ನಾಲಿಗೆ ಕೆಡಿಸ್ಕೊಂಡಿದ್ದಾರೆ. ನಮ್ಮೆಜಮಾನ್ರಿಗೆ ಏನು ಕೊಟ್ರೂ 'ಸ್ಟ್ರಾಂಗ್ ಇಲ್ಲ' ಅಂತಾರೆ. ನನಗೆ ಒಂದೂ ಕುಡಿಯದ ನಾಲಿಗೆ ಬೇಕು ಕಣ್ಣು. ನುಂಗಬೇಡ. ಬಾಯಲ್ಲಿಟ್ಕೊಂಡು ಉಗಿ. ನಿಮ್ಮ ಶಿವ ಉಗಿದಿದ್ದಕ್ಕೆಲ್ಲ ಲೆಕ್ಕ ಇಡಲ್ಲ."

ಅವರ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಸಣ್ಣ ಸ್ಟೀಲ್ ಲೋಟ. ಎರಡಕ್ಕೂ ಒಂದೇ ಜಾಡಿಯಿಂದ ಎರಡೆರಡು ಗುಟುಕು ಬಗ್ಗಿಸುವುದು. ಒಂದನ್ನು ಹಾಗೇ ಬಿಡುವುದು, ಇನ್ನೊಂದನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಸುವುದು. ಒಲೆಯ ಮೇಲೆ ಇಡುವ ಹಾಗಿಲ್ಲ. "ಒಲೆ ಮೇಲಿಟ್ರೆ ಅದು ಸಾರಾಗುತ್ತೆ" ಎನ್ನುವರು. ಬೋಗುಣಿಯ ನೀರು ಎಷ್ಟು ಬಿಸಿಯಿರಬೇಕೆಂದರೆ, ಬೆರಳು ಅದ್ದಿ ಹತ್ತು ಎಣಿಸುವಷ್ಟರಲ್ಲಿ ಸಾಕಪ್ಪಾ ಎನಿಸಬೇಕು.

ಮೊದಲು ಹಾಗೇ ಇದ್ದ ಲೋಟ. ನಾಲಿಗೆಯ ಮೇಲೆ ಇಟ್ಟಕೂಡಲೇ ಸಿಹಿ, ಜಾತ್ರೆಯ ಶರಬತ್ತಿನಂಥ ಗಾಢ ಸಿಹಿ. ಅದರ ಹಿಂದೆ ದ್ರಾಕ್ಷಿ ಸಿಪ್ಪೆಯ ಒಗರು ಬಂದು ಕೆನ್ನೆಯ ಒಳಭಾಗ ಎಳೆದುಕೊಳ್ಳುತ್ತಿತ್ತು. ನಾನು ಬಚ್ಚಲಿಗೆ ಓಡಿ ಉಗಿದು ಬಂದೆ. ಆಮೇಲೆ ಬೆಚ್ಚಗಿನ ಲೋಟ. ಅದೇ ಜಾಡಿಯದು ಎಂದರೆ ನಂಬಲಾಗಲಿಲ್ಲ. ಬಾಯಿಗೆ ತರುವ ಮೊದಲೇ ಚಕ್ಕೆ ಲವಂಗದ ವಾಸನೆ ಮೂಗಿಗೆ ಏರಿತು. ಒಗರು ಮೆತ್ತಗಾಗಿತ್ತು, ಸಿಹಿ ಇನ್ನಷ್ಟು ದಪ್ಪಗಾಗಿತ್ತು, ನುಂಗದಿದ್ದರೂ ಗಂಟಲಿನಿಂದ ಕಿವಿಯ ತನಕ ಬಿಸಿ ಹರಿದ ಹಾಗಾಯಿತು.

"ಏನನ್ನಿಸ್ತು? ಪುಸ್ತಕದ ಭಾಷೆ ಬೇಡ."

"ಮೊದಲನೇದು ಒಳ್ಳೇ ಹುಡುಗಿ ಥರ ಇದೆ ಟೀಚರ್. ಎರಡನೇದು ಸ್ವಲ್ಪ ಜೋರು."

ಅವರು ಕಟ್ಟೆ ಬಡಿದು ನಕ್ಕರು. "ಆ ಜೋರೇ ನಮಗೆ ಬೇಕಾಗಿರೋದು. ತಣ್ಣಗಿರೋ ಲೋಟ ಇವತ್ತಿನ ವಿಷಯ ಹೇಳುತ್ತೆ. ಬೆಚ್ಚಗಿರೋದು ಜನವರಿ ವಿಷಯ ಹೇಳುತ್ತೆ. ಕೆಡೋಕೆ ಹೊರಟಿರೋ ಜಾಡಿ ತಣ್ಣಗಿದ್ದಾಗ ಸಕ್ಕರೆ ಹಿಂದೆ ಬಚ್ಚಿಟ್ಕೊಂಡಿರುತ್ತೆ. ಬೆಚ್ಚಗೆ ಮಾಡು, ಹುಳಿ ಮೂಗಿಗೆ ಹೊಡೆಯುತ್ತೆ."

ಎರಡನೇ ವರ್ಷ ಅದು ನನ್ನ ಮೂಗಿಗೇ ಗೊತ್ತಾಯಿತು. ಅವತ್ತು ಅವರಿಗೇ ನೆಗಡಿ. ಮೂರನೇ ಜಾಡಿಯ ಬೆಚ್ಚಗಿನ ಲೋಟ ಮೂಗಿನ ಹತ್ತಿರ ತಂದರೆ ಹಳೇ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದ ಹಾಗೆ ಚುರುಕ್ಕೆಂದಿತು. ಹೇಳಲೋ ಬೇಡವೋ ಎಂದು ಹಿಂಜರಿದು ಹೇಳಿದೆ. ಅವರು ಒಂದು ಮಾತೂ ವಾದಿಸಲಿಲ್ಲ. ಸೀಮೆಸುಣ್ಣ ತಂದು ಜಾಡಿಯ ಮೇಲೆ ದೊಡ್ಡ ಇಂಟು ಮಾರ್ಕು ಹಾಕಿ, ನನ್ನ ಕೆನ್ನೆ ಹಿಂಡಿ, "ಸಿಕ್ಕಿದ್ಲು ನನಗೆ ಒಬ್ಬಳು!" ಎಂದರು. ಆ ವರ್ಷವೇ ನಾನು ಉಗಿಯುವುದನ್ನು ಬಿಟ್ಟಿದ್ದು. ಉಗಿಯಲು ಬಚ್ಚಲ ತನಕ ಹೋಗಿದ್ದೆ, ಬಾಗಿಲಲ್ಲಿ ನಿಂತು ನುಂಗಿಬಿಟ್ಟೆ. ಹಿಂದಿರುಗಿ ಬಂದಾಗ ಅವರು ನನ್ನ ಮುಖ ನೋಡಿ ಬಾಯಿಗೆ ಎರಡು ಏಲಕ್ಕಿ ಕೊಟ್ಟರು. ಬಸ್ಸಿನಲ್ಲಿ ಅಗಿಯುತ್ತ ಶಿವಮೊಗ್ಗ ಸೇರಿದೆ.

ಬಾಟಲಿ ಹಂಚುವುದರಲ್ಲೂ ಅವರದೊಂದು ಕ್ರಮ. ಚರ್ಚಿನವರಿಗೆ, ಗಂಡನ ಜೊತೆ ಕೆಲಸ ಮಾಡಿದವರಿಗೆ, ಹಿಂದಿನ ಬೀದಿಯ ಇಬ್ಬರು ಮುದುಕಿಯರಿಗೆ, ಹೀಗೆ ಮೂವತ್ತು ಮನೆ. ಎದುರುಮನೆಯ ಮೆಕ್ಯಾನಿಕ್ ಸಾಬರಿಗೆ ವೈನ್ ಬದಲು ಕಲ್‌ಕಲ್ ಎನ್ನುವ ಚಿಪ್ಪಿನಾಕಾರದ ಸಿಹಿತಿಂಡಿ. ಪಕ್ಕದ ಮನೆಯ ಗೌಡರಿಗೆ ಪೇಪರ್ ಸುತ್ತಿ, ಅವರ ಹೆಂಡತಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ. "ಕೊಡೋಕೆ ಒಂದಿರಬೇಕು ಕಣ್ಣು. ಬರೀ ತಗೊಳ್ಳೋಕೆ ಬಾಗಿಲು ತೆಗೆಯೋ ಮನೆ ಮನೇನಾ?" ಎಂದು ಒಂದು ಸಲ ಹೇಳಿದ್ದರು. ಆಗ ಅದು ಸುಮ್ಮನೆ ಆಡಿದ ಮಾತು ಅಂದುಕೊಂಡಿದ್ದೆ.

ಮೂರನೆಯ ವರ್ಷ ನಾನು ಮಾಡಿದ್ದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಇನ್ನು ಅದನ್ನು ಸುತ್ತಿ ಬಳಸಿ ಹೋಗುವುದರಲ್ಲಿ ಅರ್ಥವಿಲ್ಲ.

ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ನಿರೂಪಣೆ ನನ್ನದು. ಹಿಂದಿನ ದಿನ ಗಂಟಲು ಕಟ್ಟಿ ದನಿ ಹೊರಡುತ್ತಿರಲಿಲ್ಲ. ಟೀಚರ್ ಕಾಳುಮೆಣಸಿನ ಕಷಾಯ ಮಾಡಿ ತರುತ್ತೇನೆ ಎಂದರು. "ಕಷಾಯ ಬೇಡ, ಅದನ್ನೇ ಬೆಚ್ಚಗೆ ಮಾಡಿ ಒಂದು ಫ್ಲಾಸ್ಕ್‌ನಲ್ಲಿ ತನ್ನಿ" ಎಂದೆ. ಕೇಳಿದ್ದು ನಾನು. ಅವರು ಒಪ್ಪಲಿಲ್ಲ. "ಶಾಲೆಗಾ? ಬೇಡ ಶಶಿ, ಮನೇಗೆ ಬಾ, ಕುಡ್ಕೊಂಡು ಹೋಗು" ಎಂದರು. ನಾನು ಹಟ ಹಿಡಿದೆ. ಟೈಮಿಲ್ಲ, ಅಲ್ಲೇ ಸೀರೆ ಉಡಬೇಕು, ಮಕ್ಕಳನ್ನು ರೆಡಿ ಮಾಡಬೇಕು, ಯಾರಿಗೆ ಗೊತ್ತಾಗುತ್ತೆ ಬಿಡಿ ಎಂದೆಲ್ಲ ಹೇಳಿದೆ. ಅವರು ತಂದರು.

ಎರಡು ಕಪ್ಪು ಕುಡಿದೆ. ದನಿ ಬಂತು, ದನಿಯ ಜೊತೆ ಇನ್ನೇನೇನೋ ಬಂತು. ಕೆನ್ನೆ ಕೆಂಪಾಯಿತು. ಸ್ಟಾಫ್ ರೂಮಿನಲ್ಲಿ ಯಾರೋ ಏನೋ ಅಂದಿದ್ದಕ್ಕೆ ಗೋಡೆ ಹಿಡಿದು ನಕ್ಕೆ. ಆಡಳಿತ ಸಮಿತಿಯ ಒಬ್ಬರು ಹೆಂಗಸು ಅದೇ ಹೊತ್ತಿಗೆ ಹೂವಿನ ಹಾರದ ವಿಚಾರ ಕೇಳಲು ಒಳಗೆ ಬಂದರು. ಮೇಜಿನ ಮೇಲೆ ಫ್ಲಾಸ್ಕ್ ಬಾಯಿ ತೆರೆದುಕೊಂಡಿತ್ತು. ಅವರಿಗೆ ಫಿಲೋಮಿನಾ ಟೀಚರ್ ಮೂಗು ಬೇಕಾಗಿರಲಿಲ್ಲ, ದೇವರು ಎಲ್ಲರಿಗೂ ಕೊಟ್ಟ ಮೂಗೇ ಸಾಕಾಯಿತು.

ಮುಂದಿನ ವಾರ ಸಮಿತಿಯ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಆಫೀಸಿಗೆ ಕರೆಸಿದರು. ವಯಸ್ಸಾದವರು, ಕೆಟ್ಟವರೇನಲ್ಲ. ನನ್ನ ಗ್ರಹಚಾರಕ್ಕೆ ಅದೇ ತಿಂಗಳು ಆಯನೂರಿನ ಮನೆಯವರು ನನ್ನನ್ನು ನೋಡಿ ಒಪ್ಪಿದ್ದರು. ಹುಡುಗನ ತಂದೆ ಈ ಕಾರ್ಯದರ್ಶಿಗಳಿಗೆ ಬೇಕಾದವರು. ಅದು ಅವರಿಗೂ ಗೊತ್ತು, ನನಗೂ ಗೊತ್ತು, ಟೀಚರ್‌ಗೂ ಗೊತ್ತು. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, ಉತ್ತರವನ್ನು ತಾವೇ ಕೈಗೆ ಕೊಟ್ಟ ಹಾಗೆ ಕೇಳಿದರು: "ಅದರಲ್ಲಿ ಏನಿತ್ತು ಅಂತ ನಿನಗೆ ಗೊತ್ತಿರಲಿಲ್ಲ, ಅಲ್ವೇನಮ್ಮಾ?"

ನಾನು ಹೇಳಿದ ಮಾತು ಇದು: "ಇಲ್ಲ ಸಾರ್. ಕಷಾಯ ಅಂದ್ಕೊಂಡೆ."

ನಾನು ನೆಲ ನೋಡುತ್ತಿದ್ದೆ. ಟೀಚರ್ ಈಗ ಹೇಳುತ್ತಾರೆ, ಮೂರು ವರ್ಷದಿಂದ ನನ್ನ ಅಡುಗೆಮನೆಯಲ್ಲಿ ರುಚಿ ನೋಡುತ್ತಿರುವವಳು ಇವಳೇ, ತನ್ನಿ ಅಂತ ಕೇಳಿದವಳೂ ಇವಳೇ ಎಂದು ಈಗ ಹೇಳುತ್ತಾರೆ ಎಂದು ಕಾದೆ. ಅವರು ಸೆರಗು ಸರಿ ಮಾಡಿಕೊಂಡು, ಪಾಠ ಮಾಡುವ ದನಿಯಲ್ಲಿ, "ಹೌದು ಸಾರ್. ನಾನು ಅವರಿಗೆ ಹೇಳಿರಲಿಲ್ಲ. ತಪ್ಪು ನಂದೇ" ಎಂದರು. ನನ್ನ ಬಗ್ಗೆ 'ಅವರಿಗೆ' ಎಂದು ಬಹುವಚನ ಬಳಸಿದ್ದು ಅದೊಂದೇ ಸಲ.

ಹೊರಗೆ ಕಾರಿಡಾರಿನಲ್ಲಿ ನಾನು ಅಳಲು ಶುರು ಮಾಡಿದೆ. "ಅಳಬೇಡ, ಎಲ್ರೂ ನೋಡ್ತಾರೆ" ಎಂದು ತಮ್ಮ ಕರ್ಚೀಫ್ ಕೊಟ್ಟು ಏಳನೇ ತರಗತಿಗೆ ಹೋದರು. ಅವರ ಪೀರಿಯಡ್ ಶುರುವಾಗಿ ಎರಡು ನಿಮಿಷ ಆಗಿತ್ತು.

ಜೂನ್‌ನಲ್ಲಿ ಹೆಡ್‌ಮಿಸ್ಟ್ರೆಸ್ ಹುದ್ದೆಗೆ ಅವರಿಗಿಂತ ನಾಲ್ಕು ವರ್ಷ ಕಿರಿಯರಾದವರನ್ನು ತಂದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೊಸಬರು ಅಧಿಕಾರ ವಹಿಸಿಕೊಂಡ ದಿನ ಎಲ್ಲರಿಗೂ ಲಾಡು ಹಂಚಿದರು. ಟೀಚರ್ ತಮ್ಮ ಲಾಡು ಅರ್ಧ ಮುರಿದು ನನಗೆ ಕೊಟ್ಟರು, ಯಾವಾಗಲೂ ಕೊಡುವ ಹಾಗೆಯೇ. ನನ್ನನ್ನು ಬೈದಿದ್ದರೆ, ಮಾತು ಬಿಟ್ಟಿದ್ದರೆ ಎಷ್ಟೋ ಆರಾಮಾಗಿರುತ್ತಿತ್ತು. ಅವರು ಏನೂ ಆಗಿಲ್ಲ ಎಂಬಂತೆ ಇದ್ದರು. ಅದನ್ನು ನೋಡಲಾಗದೆ ನಾನೇ ತಪ್ಪಿಸಿಕೊಂಡು ಓಡಾಡಲು ಶುರು ಮಾಡಿದೆ. ಡಬ್ಬಿ ತಿನ್ನಲು ಲೈಬ್ರರಿಗೆ ಹೋಗುತ್ತಿದ್ದೆ. ಬಿಡುವಿನಲ್ಲಿ ಅವರು ಮತ್ತೆ ಆ ಬಾಗಿಲು ಹಿಡಿದು ನಿಂತಿರುವುದು ಕಂಡರೆ ಬೇರೆ ಕಡೆಯಿಂದ ಸುತ್ತಿ ಬರುತ್ತಿದ್ದೆ.

ಮದುವೆಯಾಯಿತು. ಕೆಲಸ ಬಿಟ್ಟೆ. ಮುಂದೆ ನಾವು ಶಿವಮೊಗ್ಗದಲ್ಲೇ, ರಾಗಿಗುಡ್ಡದ ಹತ್ತಿರ ಮನೆ ಮಾಡಿದೆವು. ಇಲ್ಲಿನ ಒಂದು ಶಾಲೆ ಸೇರಿದೆ. ಭದ್ರಾವತಿ ಇಲ್ಲಿಂದ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಆದರೂ ಮೊದಲ ಡಿಸೆಂಬರಿನಲ್ಲಿ ಅವರು ಫೋನ್ ಮಾಡಿ "ಶನಿವಾರ ಜಾಡಿ ತೆಗೀತೀನಿ, ಬರ್ತೀಯಾ?" ಎಂದಾಗ ಮನೆಯಲ್ಲಿ ಪೂಜೆ ಎಂದೆ. ಮರುವರ್ಷ ಮಗುವಿಗೆ ಜ್ವರ ಎಂದೆ. ಮೂರನೇ ವರ್ಷ ಅವರೇ ಕರೆಯುವುದನ್ನು ಬಿಟ್ಟರು. ಆದರೆ ಗೊತ್ತಿರುವ ಕಂಡಕ್ಟರ್ ಕೈಯಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಡಬ್ಬಿ ಕಲ್‌ಕಲ್ ಬರುತ್ತಿತ್ತು. ಮೊದಲ ಸಲ ಅದರೊಳಗೆ ಅವರ ದುಂಡು ಅಕ್ಷರದ ಚೀಟಿಯಿತ್ತು: "ಇದರಲ್ಲಿ ಮೊಟ್ಟೆ ಇಲ್ಲ, ವೈನ್ ಇಲ್ಲ. ನಿಮ್ಮ ಅತ್ತೆಯವರಿಗೂ ಕೊಡಬಹುದು." ಅತ್ತೆ ಚಪ್ಪರಿಸಿಕೊಂಡು ತಿಂದರು. ನಾನು ಒಂದನ್ನೂ ಮುಟ್ಟಲಿಲ್ಲ.

ಹೀಗೆ ಇಪ್ಪತ್ತು ವರ್ಷ ಹೋಯಿತು ಎಂದರೆ ಯಾರಾದರೂ ನಂಬುತ್ತಾರೆಯೇ? ಮದುವೆ ಮನೆಯಲ್ಲಿ, ಒಬ್ಬ ಹಳೇ ವಿದ್ಯಾರ್ಥಿಯ ಗೃಹಪ್ರವೇಶದಲ್ಲಿ ಎದುರಾದರೆ ಕೈ ಹಿಡಿದು ಮಾತಾಡಿಸುತ್ತಿದ್ದರು. "ದಪ್ಪ ಆಗಿದ್ದೀಯ ಮಾರಾಯ್ತಿ, ಒಳ್ಳೇದು" ಎನ್ನುತ್ತಿದ್ದರು. ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುವುದು, ಪ್ರತಿ ಸಲವೂ ಪಕ್ಕದಲ್ಲಿ ಯಾರೋ ಇರುವುದು. ನನ್ನ ಹೇಡಿತನಕ್ಕೆ ಆ 'ಯಾರೋ' ಸಿಗದ ದಿನವೇ ಇರಲಿಲ್ಲ. ಅವರು ಸಹಶಿಕ್ಷಕಿಯಾಗಿಯೇ ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭಕ್ಕೆ ಕಾರ್ಡು ಬಂದಿತ್ತು. ಅದಕ್ಕೂ ನಾನು ಹೋಗಲಿಲ್ಲ.

ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷದ ಡಿಸೆಂಬರ್. ಅವರ ಸೊಸೆ ಜಾನ್ಸಿ ಫೋನ್ ಮಾಡಿದಳು. "ಆಂಟಿ, ಅತ್ತೆ ನಿಮ್ಮನ್ನ ಕೇಳ್ತಿದ್ದಾರೆ. ವೈನ್ ಟೇಸ್ಟ್ ನೋಡೋಕೆ ನೀವೇ ಬರಬೇಕಂತೆ. ಬೇರೆ ಯಾರು ಹೇಳಿದ್ರೂ ಒಪ್ತಿಲ್ಲ." ನಾನು ನೆಪ ಹುಡುಕಲಿಲ್ಲ. ಮರುದಿನವೇ ಬಸ್ಸು ಹತ್ತಿದೆ.

ಅವರು ತುಂಬ ಸಣ್ಣಗಾಗಿದ್ದರು. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಗಂಜಿ ಹಾಕಿದ ಸೀರೆಯ ಜಾಗದಲ್ಲಿ ನೈಟಿ, ಮೇಲೆ ಸ್ವೆಟರ್. ಎದೆಯ ತೊಂದರೆಯಿಂದ ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕಿತ್ತು. ಕುರ್ಚಿ ಎಳೆದು ಹತ್ತಿರ ಕೂತೆ. ಚೀಲದಿಂದ ಬಾಳೆಹಣ್ಣು ತೆಗೆದುಕೊಟ್ಟೆ. ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟರು.

"ಕೊರೊನಾ ಬಂದು ಹೋಯ್ತಲ್ಲ, ಆವಾಗಿಂದ ಮೂಗು ಸತ್ತೋಯ್ತು ಶಶಿ. ಬರುತ್ತೆ ಬರುತ್ತೆ ಅಂದ್ರು ಡಾಕ್ಟ್ರು. ಬರಲಿಲ್ಲ. ಇದು ಬಾಳೆಹಣ್ಣು ಅಂತ ಕಣ್ಣಲ್ಲಿ ನೋಡಿ ಹೇಳ್ತಿದ್ದೀನಿ. ಸಿಹಿ ಅನ್ನೋದಷ್ಟೇ ಗೊತ್ತಾಗುತ್ತೆ, ಮಿಕ್ಕಿದ್ದು ಏನೂ ಇಲ್ಲ."

ಆ ಮೂಗಿಲ್ಲದ ಫಿಲೋಮಿನಾ ಟೀಚರನ್ನು ನಾನು ಕಲ್ಪಿಸಿಕೊಂಡೇ ಇರಲಿಲ್ಲ. ಅಷ್ಟಾದರೂ ಆ ವರ್ಷ ಅವರು ಹಟದಿಂದ ಒಂದು ಜಾಡಿ ಹಾಕಿದ್ದರು. ಕೈ ಲೆಕ್ಕದಲ್ಲಿ, ನೆನಪಿನ ಲೆಕ್ಕದಲ್ಲಿ. ದಿನಾ ಸೌಟು ಆಡಿಸಿದವಳು ಜಾನ್ಸಿ. ಕಿಟಕಿಯ ಕೆಳಗೆ ತೊಳೆದ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಹೆಸರು ಬರೆದ ಚೀಟಿ ಅಂಟಿಸಿತ್ತು. ದುಂಡು ಅಕ್ಷರಗಳು ನಡುಗಿ ಸೊಟ್ಟಗಾಗಿದ್ದವು.

"ಇವರೆಲ್ಲ ಸೂಪರ್ ಅಂತಾರೆ" ಎಂದು ಜಾನ್ಸಿಯ ಕಡೆ ಕೈ ತೋರಿಸಿದರು. "ಮಗನೂ ಸೂಪರ್. ಫಾದರ್ ಬಂದು ಕುಡಿದು ಅವರೂ ಸೂಪರ್. ಮುದುಕಿಗೆ ಬೇಜಾರಾಗಬಾರದು ಅಂತ. ನೀನು ನೋಡು. ಎರಡೂ ಲೋಟ ನೋಡು."

ಜಾನ್ಸಿ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. ಹಾಗೇ ಇದ್ದ ಲೋಟವನ್ನು ಮೊದಲು ಎತ್ತಿದೆ. ಇಪ್ಪತ್ತು ವರ್ಷದ ಮೇಲೆ ನಾಲಿಗೆಗೆ ಮುಟ್ಟಿದ್ದು. ಅದೇ ಗಾಢ ಸಿಹಿ, ಅದೇ ಸಿಪ್ಪೆಯ ಒಗರು. ಕಣ್ಣು ತುಂಬಿಕೊಂಡವು. ಮೂಗಿಲ್ಲದೆ, ಬರೀ ಕೈಯ ಅಭ್ಯಾಸದಿಂದ ಇವರು ಇದನ್ನು ಇಷ್ಟು ಸರಿಯಾಗಿ ಹೇಗೆ ಮಾಡಿದರು ಎಂದು ಆಶ್ಚರ್ಯಪಡುತ್ತ ಬೆಚ್ಚಗಿನ ಲೋಟ ಎತ್ತಿದೆ. ಚಕ್ಕೆಯ ವಾಸನೆ ಬಂತು. ಅದರ ಜೊತೆಗೇ ಹುಳಿ ಮೂಗಿಗೆ ಹೊಡೆಯಿತು. ಜೋರಾಗಿ ಅಲ್ಲ. ಆದರೆ ಇತ್ತು. ಇನ್ನೊಂದು ಸಲ ಮೂಸಿದೆ, ಒಂದು ಗುಟುಕು ಕುಡಿದೆ. ಅನುಮಾನವೇ ಇರಲಿಲ್ಲ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಗ ನನ್ನ ತಲೆಯಲ್ಲಿ ಓಡಿದ್ದು ವೈನ್ ವಿಚಾರ ಅಲ್ಲ, ಆ ಆಫೀಸು. ಒಂದು ಸಲ ಇವರ ಎದುರಿಗೇ ಸುಳ್ಳು ಹೇಳಿ ಇವರ ಬಾಳಿನ ಒಂದೇ ಒಂದು ಆಸೆಯನ್ನು ಹಾಳು ಮಾಡಿದೆ. ಇನ್ನೊಂದು ಸಲ ಹೇಳಬಾರದು. ಇವತ್ತು ಏನೇ ಆದರೂ ಇವರಿಗೆ ನಿಜವನ್ನೇ ಹೇಳಬೇಕು. ಹೀಗೆ ಯೋಚಿಸಿದೆ, ಯೋಚಿಸಿ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತು.

"ಹುಳಿ ಬಂದಿದೆ ಟೀಚರ್" ಎಂದೆ.

"ಎಷ್ಟು?"

"ಸ್ವಲ್ಪ. ತಣ್ಣಗಿರೋದ್ರಲ್ಲಿ ಗೊತ್ತಾಗಲ್ಲ. ಬೆಚ್ಚಗೆ ಮಾಡಿದ್ರೆ ಮಾತ್ರ."

ಜಾನ್ಸಿ ನಡುವೆ ಬಾಯಿ ಹಾಕಿದಳು. "ಈಗ ಬೆಚ್ಚಗೆ ಮಾಡಿ ಕುಡಿಯೋರು ಯಾರಿದ್ದಾರೆ ಆಂಟಿ? ಎಲ್ರೂ ಫ್ರಿಜ್ಜಲ್ಲಿ ಇಡ್ತಾರೆ. ಹದಿನೈದು ದಿನದಲ್ಲಿ ಖಾಲಿ ಮಾಡ್ತಾರೆ." ನನ್ನ ಕಡೆ ಅವಳು ಕಣ್ಸನ್ನೆ ಮಾಡಿದ್ದನ್ನು ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ.

ಟೀಚರ್ ತಲೆಯಾಡಿಸಿದರು. "ಗೊತ್ತಾದ ಮೇಲೆ ಕೊಡೋಕಾಗಲ್ಲಮ್ಮ. ಚೆಲ್ಲಿಬಿಡು."

"ಅಡುಗೆಗಾದ್ರೂ ಇಟ್ಕೊಳ್ಳೋಣ ಅತ್ತೆ."

"ಚೆಲ್ಲು ಜಾನ್ಸಿ. ಎದುರಿಗಿದ್ರೆ ನನಗೆ ಆಸೆ ಆಗುತ್ತೆ, ಇರಲಿ ಬಿಡು ಕೊಟ್ಬಿಡೋಣ ಅಂತ."

ಜಾಡಿ ಭಾರವಿತ್ತು. ಜಾನ್ಸಿ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹಿತ್ತಲಿಗೆ ಒಯ್ದೆವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಮೋರಿಗೆ ಬಗ್ಗಿಸಿದೆವು. ಕೆಂಪಗೆ ಹರಿದುಹೋಗಲು ತುಂಬ ಹೊತ್ತು ಹಿಡಿಯಿತು.

ಒಳಗೆ ಬಂದರೆ ಟೀಚರ್ ಬಾಟಲಿಗಳ ಕಡೆ ಬೆನ್ನು ಮಾಡಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು, "ನೀನು ನಿಜ ಹೇಳ್ತೀಯ ಅಂತ ಗೊತ್ತಿತ್ತು. ಅದಕ್ಕೇ ಕರೆಸಿದ್ದು" ಎಂದರು. ನಾನು ಅವರ ಮುಖದಲ್ಲಿ ಚುಚ್ಚುಮಾತಿನ ಸುಳಿವು ಹುಡುಕಿದೆ. ಒಂದಿಷ್ಟೂ ಇರಲಿಲ್ಲ. ಅವರು ನಿಜವಾಗಿಯೂ ಹಾಗೆ ನಂಬಿದ್ದರು. ಆಗ ಹೇಳಬೇಕಿತ್ತು. ಟೀಚರ್, ಅವತ್ತು ಆಫೀಸಿನಲ್ಲಿ, ಎಂದು ಶುರು ಮಾಡಿದ್ದರೆ ಸಾಕಿತ್ತು, ಮಿಕ್ಕಿದ್ದು ತಾನೇ ಬರುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ಜಾನ್ಸಿ ನೀರು ತಂದಳು. "ಬಸ್ಸಿಗೆ ಹೊತ್ತಾಯ್ತು, ಹೊರಡು ಕಣ್ಣು" ಎಂದರು ಅವರೇ. ಹೊರಟೆ.

ಬಸ್ಸಿನಲ್ಲಿ ನನಗೆ ಎಷ್ಟೋ ವರ್ಷದಿಂದ ಇಲ್ಲದಷ್ಟು ಹಗುರವೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಸುಳ್ಳಿಗೆ ಈ ನಿಜ ಸರಿಹೋಯಿತು ಎಂದುಕೊಂಡೆ. ಕ್ಷಮೆ ಕೇಳುವುದನ್ನು ಹೊಸ ವರ್ಷ ಕಳೆದ ಮೇಲೆ ಸಮಾಧಾನವಾಗಿ ಬಂದು ಕೇಳಿದರಾಯಿತು ಎಂದುಕೊಂಡು, ಕಿಟಕಿಗೆ ತಲೆ ಆನಿಸಿ ನಿದ್ದೆಯನ್ನೂ ಮಾಡಿದೆ.

ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ. ವಿಷಯ ತಿಳಿಯುವಷ್ಟರಲ್ಲಿ ಮುಗಿದಿತ್ತು. ಒಂದು ವಾರ ಬಿಟ್ಟು ಹೋದೆ. ಕಿಟಕಿಯ ಹತ್ತಿರ ಅವರ ಫೋಟೋ, ಅದಕ್ಕೊಂದು ಹಾರ, ಸಣ್ಣ ಬಲ್ಬು. ಜಾನ್ಸಿ ಟೀ ಕೊಟ್ಟು ಎದುರಿಗೆ ಕೂತಳು. ಕೊನೆಯ ದಿನಗಳ ವಿಚಾರ ಹೇಳುತ್ತ ಹೇಳುತ್ತ ಕ್ರಿಸ್‌ಮಸ್ಸಿನ ಮಾತು ತೆಗೆದಳು.

"ಆ ಸಲ ಅತ್ತೆ ಯಾರ ಹತ್ರಾನೂ ಮಾತಾಡಲಿಲ್ಲ ಆಂಟಿ. ಬೆಳಿಗ್ಗೆಯಿಂದ ಜನ ಬರ್ತಾನೇ ಇದ್ರು, ವಿಶ್ ಮಾಡೋಕೆ. ನಲವತ್ತು ವರ್ಷದ ಅಭ್ಯಾಸ ಅಲ್ವಾ, ಬಂದೋರ ಕೈಗೆ ಒಂದು ಬಾಟ್ಲಿ ಕೊಟ್ಟು ಕಳಿಸೋದು. ಅತ್ತೆ ಏನಂದ್ರು ಗೊತ್ತಾ? 'ಮಲಗಿದ್ದಾರೆ ಅಂತ ಹೇಳು ಜಾನ್ಸಿ, ಕೊಡೋಕೆ ಏನೂ ಇಲ್ಲ ನನ್ನ ಹತ್ರ' ಅಂದ್ರು. ಬಂದೋರಿಗೆಲ್ಲ ಮಲಗಿದ್ದಾರೆ ಅಂತ ಹೇಳಿ ಕಳಿಸ್ದೆ. ಒಳಗೆ ಹೋಗಿ ನೋಡಿದ್ರೆ ಗೋಡೆ ಕಡೆ ತಿರುಗಿ, ಕಣ್ಣು ಬಿಟ್ಕೊಂಡೇ ಮಲಗಿದ್ರು. ರಾತ್ರಿ ಊಟಾನೂ ಬೇಡ ಅಂದ್ರು."

ನಾನು ಟೀ ಲೋಟ ಕೆಳಗಿಟ್ಟೆ. ಆ ಮೂವತ್ತು ಮನೆಯವರಲ್ಲಿ ಒಬ್ಬರಿಗೂ ಆ ಹುಳಿ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದರೂ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಜಾನ್ಸಿಗೆ, ಅವಳ ಗಂಡನಿಗೆ, ಆ ಫಾದರ್‌ಗೆ ಸಲೀಸಾಗಿ ಹೊಳೆದದ್ದು ನನಗೆ ಹೊಳೆಯಲಿಲ್ಲ. ಅವರು ಟೀಚರ್ ಬಗ್ಗೆ ಯೋಚಿಸಿದ್ದರು. ನಾನು ಅಲ್ಲಿ ಕೂತು ನನ್ನ ಬಗ್ಗೆ ಯೋಚಿಸಿದ್ದೆ.

ಹೊರಡಲು ಎದ್ದೆ. ಜಾನ್ಸಿ ಬಾಗಿಲ ತನಕ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಅವತ್ತು ಚೆನ್ನಾಗಿದೆ ಅಂತ ಒಂದು ಮಾತು ಅಂದಿದ್ರೆ ನಿಮಗೇನಾಗ್ತಿತ್ತು?"

ನಾನು ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದರಲ್ಲಿ ಇದ್ದೆ. ಬಹಳ ಹೊತ್ತು ಬಗ್ಗಿಯೇ ಇದ್ದೆ.